ಶಿಬಿರದ ತೋಟದಲ್ಲಿ ಬಿತ್ತಿದ ಮಕ್ಕಳು ಮನೆಗೆ ಮರಳಿದ ಮೇಲೆ ಕೊಯ್ಲು ಯಾರ ಪಾಲಿಗೆ?

ಪಾತಿಗಾರ್ತಿ (ಮೊದಲ ಬರಹ)

ಎಲ್ಲರಿಗೂ ನಮಸ್ಕಾರ. ನಾನು ಕೆಲಸ ಮಾಡುವ ಮಕ್ಕಳ ಬೇಸಿಗೆ ಶಿಬಿರದಲ್ಲಿ 12 ಪಾತಿಗಳ ಒಂದು ತರಕಾರಿ ತೋಟವಿದೆ. ಶಿಬಿರವು 3 ತಂಡಗಳಲ್ಲಿ ನಡೆಯುತ್ತದೆ; ಒಂದೊಂದು ತಂಡವೂ 3 ವಾರ ಇರುತ್ತದೆ. ಮೊದಲ ತಂಡದ ಮಕ್ಕಳು ಬೀಜ ಹಾಕುತ್ತಾರೆ, ಎರಡನೆಯ ತಂಡದವರು ಕಳೆ ಕಿತ್ತು ಬಳ್ಳಿಗಳಿಗೆ ಚಪ್ಪರ ಕಟ್ಟುತ್ತಾರೆ, ಬೆಳೆ ಕೈಗೆ ಬರುವ ಹೊತ್ತಿಗೆ ಮೂರನೆಯ ತಂಡ ಬಂದಿರುತ್ತದೆ.

ಕಳೆದ ಬೇಸಿಗೆಯಲ್ಲಿ ನಡೆದ ಒಂದು ಸಂಗತಿ ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ಶಿಬಿರಕ್ಕೆ ಅತಿಥಿಗಳು ಬರುವವರಿದ್ದರೆಂದು ಹಿರಿಯರಾದ ನಾವೇ ಬೆಳಗಿನ ಜಾವದಲ್ಲಿ ತೋಟಕ್ಕೆ ಇಳಿದು, ಮಕ್ಕಳು ಏಳುವುದರೊಳಗೆ ಬೀನ್ಸ್, ಸೌತೆಕಾಯಿ, ಟೊಮೇಟೊ ಎಲ್ಲವನ್ನೂ ಕೊಯ್ದು ಅಡುಗೆಮನೆಗೆ ಸಾಗಿಸಿಬಿಟ್ಟೆವು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಒಬ್ಬ ಪುಟ್ಟ ಹುಡುಗ ತಟ್ಟೆಯನ್ನೇ ನೋಡುತ್ತಾ, "ನಮ್ಮ ಪಾತಿಯ ಬೀನ್ಸ್ ಇದರಲ್ಲಿ ಯಾವುದು?" ಎಂದು ಕೇಳಿದ. ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದು ಬೆರೆತುಹೋಗಿತ್ತು.

ಪ್ರತಿ ತಂಡದ ಮಕ್ಕಳೂ ತಮ್ಮ ಕೈಯಿಂದ ಏನನ್ನಾದರೂ ಕಿತ್ತು ತಿನ್ನುವಂತೆ ಮಾಡುವುದು ಹೇಗೆ? ಹಾಗೆ ತಿನ್ನುವುದು ಪಾಠವಾಗದೆ ಸಂತೋಷವಾಗಿಯೇ ಉಳಿಯಬೇಕಾದರೆ ನಾವು ಏನು ಮಾಡಬೇಕು, ಏನನ್ನು ಮಾಡಬಾರದು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೂಲಂಗಿಪ್ರಿಯ

ನಿಮ್ಮ ಸಮಸ್ಯೆಯ ಅರ್ಧ ಭಾಗ ದಿನಗಳ ಲೆಕ್ಕದಲ್ಲೇ ಇದೆ. ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬಂದರೆ ಯಾವುದನ್ನು ಯಾವಾಗ ಬಿತ್ತಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಸಣ್ಣ ಕೆಂಪು ಮೂಲಂಗಿ 25ರಿಂದ 30 ದಿನಗಳಲ್ಲಿ ಕೈಗೆ ಬರುತ್ತದೆ. ಪೊದೆಯಾಗಿ ಬೆಳೆಯುವ ಬೀನ್ಸಿಗೆ 50ರಿಂದ 60 ದಿನ ಬೇಕು. ಗಜ್ಜರಿ 70 ದಿನಕ್ಕೂ ಮೀರಬಹುದು. ಟೊಮೇಟೊವನ್ನಂತೂ ಸಸಿಯಾಗಿ ನೆಟ್ಟ ಮೇಲೆಯೇ ಎರಡು ತಿಂಗಳಿಗಿಂತ ಹೆಚ್ಚು ಕಾಯಬೇಕಾಗುತ್ತದೆ.

ಅಂದರೆ ಮೊದಲ ತಂಡ ಬಂದ ದಿನ ಬೀಜ ಹಾಕಿದರೆ, ಅವರ 21 ದಿನಗಳೊಳಗೆ ಎಳೆಯ ಸೊಪ್ಪಿನ ಹೊರತು ಬೇರೇನೂ ಅವರ ಕೈಗೆ ಸಿಗದು. ಆದ್ದರಿಂದ ಶಿಬಿರ ಆರಂಭವಾಗುವ ಎರಡು ವಾರ ಮೊದಲೇ ನೀವು ಮೂಲಂಗಿ ಬಿತ್ತಿಡಿ. ಟೊಮೇಟೊ ಸಸಿಗಳನ್ನು ಆರೇಳು ವಾರ ಮೊದಲೇ ಟ್ರೇಗಳಲ್ಲಿ ಎಬ್ಬಿಸಿಕೊಳ್ಳಿ. ಮೊದಲ ತಂಡದ ಮಕ್ಕಳು ತಾವು ಬಿತ್ತದ ಮೂಲಂಗಿಯನ್ನು ಕೀಳುತ್ತಾರೆ, ಮುಂದೆ ಬರುವವರಿಗಾಗಿ ಬೀನ್ಸ್ ಬಿತ್ತಿ ಹೋಗುತ್ತಾರೆ. ಎಲ್ಲ ತಂಡಗಳಿಗೂ ಕೊಡುವುದೂ ಇರುತ್ತದೆ, ಪಡೆಯುವುದೂ ಇರುತ್ತದೆ.

ನಿವೃತ್ತ ಶಿಕ್ಷಕ

ಮೂಲಂಗಿಪ್ರಿಯ ಅವರ ಲೆಕ್ಕ ಸರಿಯಾಗಿದೆ. ಆದರೆ ಬಿತ್ತಿದವರೇ ಉಣ್ಣಬೇಕು ಎಂಬ ಹಟ ನಮಗೆ ಬೇಕೇ ಎಂಬುದು ನನ್ನ ಪ್ರಶ್ನೆ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ಆರಂಭಿಸಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಅಲ್ಲಿ ಪ್ರತಿ ಮಗುವಿಗೂ ತನ್ನದೇ ಆದ ಚಿಕ್ಕ ಪಾತಿ ಇರಬೇಕು, ಜೊತೆಗೆ ಎಲ್ಲರೂ ಸೇರಿ ನೋಡಿಕೊಳ್ಳುವ ಪಾತಿಯೂ ಇರಬೇಕು ಎಂಬುದು ಅವರ ಯೋಜನೆಯಾಗಿತ್ತು. ನನ್ನದು, ನಮ್ಮದು ಎಂಬ ಎರಡೂ ಒಂದೇ ಬೇಲಿಯೊಳಗೆ ಇದ್ದವು.

ನಮ್ಮ ಶಾಲೆಯ ತೋಟದಲ್ಲಿ ನಾನು ಪಾತಿಗೊಂದು ಮರದ ಹಲಗೆ ನಿಲ್ಲಿಸಿದ್ದೆ. ಬಿತ್ತಿದವರು, ಕಳೆ ಕಿತ್ತವರು, ಕೊಯ್ದವರು ಎಂದು ಮೂರು ಸಾಲು; ಮಕ್ಕಳು ತಾವೇ ಬಣ್ಣದಲ್ಲಿ ಹೆಸರು ಬರೆಯುತ್ತಿದ್ದರು. ಕೊಯ್ಯಲು ಬಂದ ಮಗು ಮೊದಲು ಆ ಹಲಗೆಯನ್ನು ಓದಿ, ಆಮೇಲೆ ಗಿಡಕ್ಕೆ ಕೈ ಹಾಕುತ್ತಿತ್ತು. ತಾನು ನೋಡದ ಯಾರೋ ತನಗಾಗಿ ದುಡಿದಿದ್ದಾರೆ ಎಂಬುದು ಮಗುವಿಗೆ ತಿಳಿಯಲು ಇದಕ್ಕಿಂತ ಸರಳವಾದ ದಾರಿಯನ್ನು ನಾನು ಕಂಡಿಲ್ಲ.

ಎರಡು ಮಕ್ಕಳ ತಾಯಿ

ಮೇಷ್ಟರೇ, ಹಲಗೆಯ ಯೋಚನೆ ಬಹಳ ಚೆನ್ನಾಗಿದೆ. ಆದರೂ ನಿಮ್ಮ ಮಾತಿನ ಮೊದಲ ಭಾಗವನ್ನು ನಾನು ಪೂರ್ತಿ ಒಪ್ಪಲಾರೆ. ನನ್ನ ಮಗಳು ಇಂಥದ್ದೇ ಒಂದು ಶಿಬಿರದಲ್ಲಿ ಮೊದಲ ತಂಡದಲ್ಲಿದ್ದಳು. ಏಳು ವರ್ಷದ ಆ ಮಗು ಮನೆಗೆ ಬಂದ ಮೇಲೆ ಒಂದು ತಿಂಗಳು "ನನ್ನ ಸೌತೆ ಬಳ್ಳಿ ಹೂ ಬಿಟ್ಟಿತೇ?" ಎಂದು ಕೇಳುತ್ತಲೇ ಇದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ, ಅದು ದೊಡ್ಡವರಿಗಿಂತ ಮಕ್ಕಳಿಗೇ ಹೆಚ್ಚು ನೋವು ಕೊಡುತ್ತದೆ. ಹಂಚಿಕೊಳ್ಳುವ ಗುಣ ಬೆಳೆಯಬೇಕಾದರೆ ಮೊದಲು ತನ್ನದು ಎನ್ನಲು ಒಂದಿಷ್ಟಾದರೂ ಮಗುವಿಗೆ ಸಿಕ್ಕಿರಬೇಕು.

ಸಾಧ್ಯವಾದರೆ ದೊಡ್ಡ ಕೊಯ್ಲಿನ ದಿನ ಮೂರೂ ತಂಡಗಳ ಮಕ್ಕಳನ್ನು ಕರೆಯಿರಿ. ಬರಲಾಗದವರಿಗೆ ಅವರ ಪಾತಿಯ ಒಂದು ಚಿತ್ರವನ್ನೂ, ಅದೇ ಗಿಡದಲ್ಲಿ ಒಣಗಿದ ಬೀನ್ಸಿನ ನಾಲ್ಕು ಬೀಜಗಳನ್ನೂ ಅಂಚೆಯಲ್ಲಿ ಕಳುಹಿಸಿ.

ಚಪ್ಪರ

ಮಕ್ಕಳ ತೋಟದಲ್ಲಿ ಹಿರಿಯರು ಮಕ್ಕಳಿಲ್ಲದ ಹೊತ್ತಿನಲ್ಲಿ ಕೊಯ್ಯಬಾರದು ಎಂಬ ಒಂದೇ ನಿಯಮವನ್ನು ತೋಟದ ಬಾಗಿಲಿಗೆ ಬರೆದು ಹಾಕಿದರೆ ನಿಮ್ಮ ಮೊದಲ ದುಃಖ ಅಲ್ಲಿಗೇ ಮುಗಿಯುತ್ತದೆ.

ಬೆಳಗಿನ ಬುಟ್ಟಿ

ಚಪ್ಪರ ಅವರ ಮಾತು ನಿಜ, ಆದರೆ ಬೆಳಗಿನ ಹೊತ್ತನ್ನು ಬಿಟ್ಟುಕೊಡಬೇಡಿ. ರಾತ್ರಿಯ ತಂಪಿನಲ್ಲಿ ಗಿಡ ನೀರು ತುಂಬಿಕೊಂಡಿರುತ್ತದೆ. ಇಬ್ಬನಿ ಆರುತ್ತಿದ್ದಂತೆ ಕೊಯ್ದ ಸೊಪ್ಪು, ಸೌತೆ, ಬಟಾಣಿ ಗರಿಗರಿಯಾಗಿರುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ ಕೊಯ್ದದ್ದು ಬುಟ್ಟಿಯಲ್ಲೇ ಬಾಡುತ್ತದೆ. ಬೀನ್ಸ್ ಎಲೆಗಳು ಒದ್ದೆಯಾಗಿರುವಾಗ ಮಾತ್ರ ಯಾರೂ ಸಾಲಿನೊಳಗೆ ಹೋಗದಿರುವುದು ಒಳ್ಳೆಯದು, ಏಕೆಂದರೆ ಎಲೆಯ ರೋಗ ಒದ್ದೆ ಕೈಯಿಂದ ಗಿಡದಿಂದ ಗಿಡಕ್ಕೆ ಹರಡುತ್ತದೆ.

ಕೀಳುವ ಬಗೆಯನ್ನೂ ಮಕ್ಕಳಿಗೆ ತೋರಿಸಿಕೊಡಬೇಕು. ಬೀನ್ಸಿಗೆ ಎರಡು ಕೈ ಬೇಕು: ಒಂದು ಕೈ ಕಾಂಡವನ್ನು ಹಿಡಿದಿರಬೇಕು, ಇನ್ನೊಂದು ಕೈ ಕಾಯಿಯನ್ನು ತೊಟ್ಟಿನ ಬಳಿ ಮುರಿಯಬೇಕು. ಒಂದೇ ಕೈಯಲ್ಲಿ ಜಗ್ಗಿದರೆ ಹೂವು, ಹೀಚು ಸಮೇತ ಕೊಂಬೆಯೇ ಕೈಗೆ ಬರುತ್ತದೆ. ಟೊಮೇಟೊ ಕೀಳುವಾಗ ತೊಟ್ಟಿನಲ್ಲಿರುವ ಗಂಟಿನ ಮೇಲೆ ಹೆಬ್ಬೆರಳಿಟ್ಟು ಹಣ್ಣನ್ನು ಮೇಲಕ್ಕೆ ಎತ್ತಿದರೆ ಟಕ್ಕೆಂದು ಬಿಡಿಸಿಕೊಳ್ಳುತ್ತದೆ. ಆ ಟಕ್ ಎನ್ನುವ ಸದ್ದನ್ನು ಒಮ್ಮೆ ಕೇಳಿದ ಮಗು ಮತ್ತೆ ಎಂದೂ ಹಣ್ಣನ್ನು ಜಗ್ಗುವುದಿಲ್ಲ. ಎಲ್ಲರನ್ನೂ ಕರೆದು ಆ ಸದ್ದನ್ನು ಕೇಳಿಸುತ್ತದೆ. ಸೌತೆ, ಬದನೆ, ಜುಕಿನಿ (ಸೌತೆಯಂತೆ ಉದ್ದಕ್ಕಿರುವ ಒಂದು ಬಗೆಯ ಕುಂಬಳ) ಇವುಗಳಿಗೆ ತುದಿ ಮೊಂಡಾದ ಕತ್ತರಿ ಕೊಡಿ.

ಶಿಬಿರದ ಬಾಣಸಿಗ

ಅಡುಗೆಮನೆಯ ಕಡೆಯಿಂದ ನಾನು ಒಂದಿಷ್ಟು ಹೇಳಲೇಬೇಕು. ತೋಟದವರು ನಮ್ಮನ್ನು ದೂರುವುದುಂಟು, ಆದರೆ ನಮ್ಮ ಕಷ್ಟವನ್ನೂ ಕೇಳಿ. ವಾರದ ಅಡುಗೆಯ ಪಟ್ಟಿ ಮುಂಚೆಯೇ ಸಿದ್ಧವಾಗಿರುತ್ತದೆ. ತೋಟದಿಂದ ಮಾತ್ರ ಒಂದು ದಿನ ಎರಡು ಕಿಲೋ ಬರುತ್ತದೆ, ಮರುದಿನ ಇಪ್ಪತ್ತು ಕಿಲೋ ಬರುತ್ತದೆ. ಎರಡನ್ನೂ ನಾವು ಸಂತೋಷದಿಂದ ಬೇಯಿಸಬೇಕಾದರೆ ಪಟ್ಟಿಯಲ್ಲಿ ಪ್ರತಿದಿನ ಒಂದು ಜಾಗ ಖಾಲಿ ಇರಬೇಕು. ನಾನು ಹಾಗೆಯೇ ಮಾಡಿದೆ. ದಿನಕ್ಕೊಂದು ಪಾತ್ರೆಯನ್ನು ತೋಟದ ಪಾತ್ರೆ ಎಂದು ಬೇರೆಯಾಗಿ ಇಟ್ಟೆ. ಮಕ್ಕಳು ಏನು ತಂದರೋ ಅದೇ ಅದರೊಳಗೆ ಹೋಗಬೇಕು, ಬೇರೆ ತರಕಾರಿಯನ್ನು ಬೆರೆಸಬಾರದು. ಒಂದು ದಿನ ಹದಿನೇಳು ಬೀನ್ಸ್ ಮಾತ್ರ ಬಂದಿತ್ತು. ಅದನ್ನೇ ಬೇಯಿಸಿ, ತುಂಡು ಮಾಡಿ, ಚಮಚದ ತುದಿಯಷ್ಟು ಪ್ರತಿ ತಟ್ಟೆಗೂ ಬಡಿಸಿದೆವು. ಆ ಬೇಸಿಗೆಯಲ್ಲಿ ಮಕ್ಕಳು ಅತ್ಯಂತ ನಿಧಾನವಾಗಿ, ರುಚಿ ನೋಡುತ್ತಾ ತಿಂದ ಊಟ ಅದೇ.

ಸಿಹಿ ಜೋಳಕ್ಕಂತೂ ಮೊದಲು ಒಲೆಯ ಮೇಲೆ ನೀರಿಡಿ, ಆಮೇಲೆ ಮಕ್ಕಳನ್ನು ಹೊಲಕ್ಕೆ ಕಳುಹಿಸಿ. ತೆನೆ ಮುರಿದ ಗಳಿಗೆಯಿಂದಲೇ ಕಾಳಿನ ಸಕ್ಕರೆ ಪಿಷ್ಟವಾಗತೊಡಗುತ್ತದೆ. ಬಿಸಿಲಿನಲ್ಲಿ ಬಿದ್ದಿದ್ದರೆ ಇನ್ನೂ ಬೇಗ ಸಪ್ಪೆಯಾಗುತ್ತದೆ. ಟೊಮೇಟೊವನ್ನು ಫ್ರಿಜ್‌ನಲ್ಲಿಡಬೇಡಿ, ತಣ್ಣಗಾದಂತೆಲ್ಲ ಅದರ ಪರಿಮಳ ಕುಂದುತ್ತದೆ.

ನೇರಳೆ ಬಣ್ಣದ ಬೀನ್ಸನ್ನು ಒಂದು ಪಾತಿಯಲ್ಲಾದರೂ ಬೆಳೆಯಿರಿ. ಕುದಿಯುವ ನೀರಿಗೆ ಹಾಕಿದ ಕೆಲವೇ ನಿಮಿಷಗಳಲ್ಲಿ ಅದು ಹಸಿರಾಗುತ್ತದೆ, ಏಕೆಂದರೆ ಆ ನೇರಳೆ ಬಣ್ಣ ಕೊಡುವ ಆಂಥೋಸಯನಿನ್ ಬಿಸಿಗೆ ಉಳಿಯುವುದಿಲ್ಲ. ಕೆಳಗಿದ್ದ ಹಸಿರು ಹೊರಗೆ ಕಾಣುತ್ತದೆ. ಮಕ್ಕಳನ್ನು ಒಲೆಯಿಂದ ದೂರದಲ್ಲಿ, ಪಾತ್ರೆ ಕಾಣುವಂತೆ ನಿಲ್ಲಿಸಿ ತೋರಿಸಿ. ಬಣ್ಣ ಬದಲಾದದ್ದನ್ನು ಕಣ್ಣಾರೆ ಕಂಡ ಮೇಲೆ ಅದನ್ನು ತಿನ್ನಲಾರೆ ಎಂದ ಮಗುವನ್ನು ನಾನು ಇನ್ನೂ ನೋಡಿಲ್ಲ.

ಮಣ್ಣುಬಲ್ಲೆ

ಸಂತೋಷದ ಮಾತಿನ ನಡುವೆ ಎಚ್ಚರಿಕೆಯ ಮಾತನ್ನು ತರುತ್ತಿದ್ದೇನೆ, ಬೇಸರಿಸಬೇಡಿ. ತೋಟಕ್ಕೆ ಹಸಿ ಕೊಟ್ಟಿಗೆ ಗೊಬ್ಬರ ಹಾಕಿದ್ದರೆ ಕೊಯ್ಲಿಗೂ ಅದಕ್ಕೂ ನಡುವೆ ಸಾಕಷ್ಟು ಅಂತರ ಬೇಕು. ಅಮೆರಿಕದ ಸಾವಯವ ಕೃಷಿ ನಿಯಮಗಳ ಪ್ರಕಾರ ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗೆ 120 ದಿನ, ತಾಗದ ಬೆಳೆಗೆ 90 ದಿನ. ನಿಮ್ಮ ಶಿಬಿರವೇ 63 ದಿನದ್ದು. ಆದ್ದರಿಂದ ಚೆನ್ನಾಗಿ ಕಳಿತ ಗೊಬ್ಬರದ ಹೊರತು ಬೇರೇನನ್ನೂ ಹಾಕಬೇಡಿ.

ಆಲೂಗಡ್ಡೆ ಬೆಳೆದಿದ್ದರೆ ಹಸಿರು ತಿರುಗಿದ ಗಡ್ಡೆಯನ್ನು ಬಿಸಾಡಿ, ಅದರಲ್ಲಿ ಸೋಲನೈನ್ ಎಂಬ ವಿಷ ಹೆಚ್ಚಾಗಿರುತ್ತದೆ. ಬೀನ್ಸನ್ನು ಬೇಯಿಸಿಯೇ ಕೊಡಿ. ಬಲಿತ ಹಸಿ ಕಾಳಿನಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ವಾಂತಿ ತರಿಸಬಲ್ಲದು. ಗೋಲಿಯಂಥ ಪುಟ್ಟ ಟೊಮೇಟೊವನ್ನು ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಉದ್ದುದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಬೇಕು, ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಸೌತೆ ಅಥವಾ ಜುಕಿನಿ ಕಟುವಾಗಿ ಕಹಿಯಾಗಿದ್ದರೆ ಉಗುಳಬೇಕು, ನುಂಗಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿಕೊಡಿ. ಯಾವ ಮಗುವಿಗೆ ಯಾವುದು ಆಗಿಬರುವುದಿಲ್ಲ ಎಂಬ ಪಟ್ಟಿ ಅಡುಗೆಮನೆಯಲ್ಲಿ ಮಾತ್ರವಲ್ಲದೆ ತೋಟದಲ್ಲೂ ಇರಲಿ.

ಹಳೆಯ ಶಿಬಿರಾರ್ಥಿ

ಇಷ್ಟೊಂದು ಎಚ್ಚರಿಕೆಗಳನ್ನು ಕೇಳಿದರೆ ಮಕ್ಕಳನ್ನು ತೋಟದ ಬೇಲಿಯ ಹೊರಗೇ ನಿಲ್ಲಿಸಬೇಕೇನೋ ಎನ್ನಿಸುತ್ತದೆ. ನಾನು ಒಂಬತ್ತು ವರ್ಷದವನಿದ್ದಾಗ ಶಿಬಿರದ ತೋಟದಲ್ಲಿ ಬಟಾಣಿ ಸಾಲಿನ ನಡುವೆ ಮಂಡಿಯೂರಿ ಕುಳಿತು, ಕಾಯಿಯ ಹೊಲಿಗೆಯನ್ನು ಉಗುರಿನಿಂದ ಬಿಡಿಸಿ, ಒಳಗಿನ ಎಂಟು ಕಾಳನ್ನು ಒಂದೊಂದಾಗಿ ಹಲ್ಲಿನಿಂದ ಕಚ್ಚಿಕೊಂಡು ತಿಂದಿದ್ದೆ. ಮೂವತ್ತು ವರ್ಷಗಳ ಮೇಲೂ ಆ ಸಿಹಿ ನನಗೆ ನೆನಪಿದೆ. ಆ ಶಿಬಿರದಲ್ಲಿ ತಟ್ಟೆಯಲ್ಲಿ ಉಂಡ ಒಂದು ಊಟವೂ ನೆನಪಿಲ್ಲ. ಗಿಡದ ಬುಡದಲ್ಲೇ ತಿನ್ನುವ ಸ್ವಾತಂತ್ರ್ಯವನ್ನು ತೆಗೆದುಬಿಟ್ಟರೆ ತೋಟದಲ್ಲಿ ಉಳಿಯುವುದಾದರೂ ಏನು?

ಮಣ್ಣುಬಲ್ಲೆ

ನಾನು ತಿನ್ನಬೇಡಿ ಎಂದಿಲ್ಲ, ತೊಳೆದು ತಿನ್ನಿ ಎನ್ನುತ್ತೇನೆ. ತೋಟದ ಬಾಗಿಲ ಬಳಿಯೇ ಕುಡಿಯುವ ನೀರಿನ ಒಂದು ನಲ್ಲಿ, ಒಂದು ತೂತಿನ ಬುಟ್ಟಿ, ಕೈ ತೊಳೆಯಲು ಸೋಪು ಇಟ್ಟರೆ ಗಿಡದಿಂದ ಬಾಯಿಗೆ ಇಪ್ಪತ್ತು ಹೆಜ್ಜೆ ಹೆಚ್ಚಾಗಬಹುದು, ಅಷ್ಟೇ. ನಿಮ್ಮ ಬಟಾಣಿಯ ಕಾಳು ಕಾಯಿಯೊಳಗೆ ಮುಚ್ಚಿಕೊಂಡಿತ್ತು. ಮಣ್ಣಿನಲ್ಲಿ ಹೊರಳಿದ ಸೌತೆಯ ಮಾತು ಬೇರೆ.

ಹಳೆಯ ಶಿಬಿರಾರ್ಥಿ

ಇಪ್ಪತ್ತು ಹೆಜ್ಜೆ ಎಂದರೆ ಒಪ್ಪಿದೆ. ನಲ್ಲಿ ಅಡುಗೆಮನೆಯ ಹಿಂದೆ ಇರಬಾರದು, ತೋಟದಲ್ಲೇ ಇರಬೇಕು ಎಂಬುದೊಂದೇ ನನ್ನ ಬೇಡಿಕೆ.

ಕಿರಿಯ ಸ್ವಯಂಸೇವಕಿ

ನಮ್ಮ ಶಿಬಿರದಲ್ಲಿ ಎಲ್ಲ ತರಕಾರಿಯನ್ನೂ ಪ್ರತಿಯೊಬ್ಬರೂ ಒಂದು ತುತ್ತಾದರೂ ತಿನ್ನಲೇಬೇಕು ಎಂಬ ನಿಯಮವಿದೆ. ಅದು ಸರಿಯೇ? ಕೆಲವು ಮಕ್ಕಳು ಅಳುತ್ತಾರೆ, ನನಗೆ ಸಂಕಟವಾಗುತ್ತದೆ.

ಎರಡು ಮಕ್ಕಳ ತಾಯಿ

ಸರಿಯಲ್ಲ. ದಯವಿಟ್ಟು ಆ ನಿಯಮವನ್ನು ಕೈಬಿಡುವಂತೆ ನಿಮ್ಮ ಹಿರಿಯರಿಗೆ ಹೇಳಿ. ಹೊಸ ರುಚಿಯೊಂದನ್ನು ಒಪ್ಪಿಕೊಳ್ಳಲು ಒಂದು ಮಗುವಿಗೆ ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಅದರ ಪರಿಚಯವಾಗಬೇಕಾಗುತ್ತದೆ. ಮುಟ್ಟುವುದು, ಮೂಸುವುದು, ಕಿತ್ತು ಪಕ್ಕದವರಿಗೆ ಕೊಡುವುದು ಎಲ್ಲವೂ ಆ ಪರಿಚಯಕ್ಕೆ ನೆರವಾಗುತ್ತದೆ. ಬಲವಂತದ ಒಂದು ತುತ್ತು ಹಿಂದಿನ ಹತ್ತು ಪರಿಚಯಗಳನ್ನು ಅಳಿಸಿಹಾಕಬಲ್ಲದು. ನನ್ನ ಮಗ ಟೊಮೇಟೊವನ್ನು ಎರಡು ವರ್ಷ ಬಾಯಿಗೆ ಹಾಕಲಿಲ್ಲ. ತಾನೇ ನೀರೆರೆದ ಗಿಡದ ಹಣ್ಣನ್ನು ಒಂದು ದಿನ ಯಾರೂ ನೋಡದಿರುವಾಗ ತಿಂದು, ಬೀಜ ಅಂಟಿದ ಗಲ್ಲದೊಂದಿಗೆ ಒಳಗೆ ಬಂದ. ನಾನು ಏನನ್ನೂ ಕೇಳಲಿಲ್ಲ.

ನಿವೃತ್ತ ಶಿಕ್ಷಕ

ತಾಯಿಯ ಈ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಯಾರ ಪಾತಿ ಎಷ್ಟು ತೂಗಿತು ಎಂಬ ಸ್ಪರ್ಧೆಯನ್ನೂ ಇಡಬೇಡಿ. ತೂಗಿ ಬರೆದಿಡುವುದು ಒಳ್ಳೆಯದು, ಆದರೆ ಆ ಲೆಕ್ಕ ಇಡೀ ತೋಟದ್ದಾಗಿರಲಿ.

ಜೇನುಗೂಡು

ಸ್ಪರ್ಧೆ ಬೇಡವೆಂಬುದಕ್ಕೆ ಇನ್ನೊಂದು ಕಾರಣವಿದೆ. ಕಾಯಿ ಕಚ್ಚುವುದು ಮಗುವಿನ ಕೈಯಲ್ಲಿಲ್ಲ. ಸೌತೆಯಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ ಇರುತ್ತವೆ. ಹೆಣ್ಣು ಹೂವಿನ ಹಿಂದೆ ಕಿರುಬೆರಳಿನ ಉಗುರಿನಷ್ಟು ಪುಟ್ಟ ಸೌತೆ ಆಗಲೇ ಇರುತ್ತದೆ. ದುಂಬಿಗಳು ಸಾಕಷ್ಟು ಬರದಿದ್ದರೆ ಆ ಹೀಚು ಹಳದಿಯಾಗಿ ಉದುರುತ್ತದೆ, ಇಲ್ಲವೇ ಒಂದು ಕಡೆ ಸೊರಗಿ ಬಾಗುತ್ತದೆ. ಟೊಮೇಟೊ ಹೂವು 35 ಡಿಗ್ರಿಗೆ ಮೀರಿದ ಸೆಖೆಯಲ್ಲಿ ಕಾಯಿ ಕಚ್ಚದೆಯೇ ಉದುರಬಹುದು. ಬಾಗಿದ ಸೌತೆ ತಂದ ಮಗುವಿಗೆ ಈ ಕಥೆಯನ್ನು ಹೇಳಿ. ತನ್ನ ತಪ್ಪೇನೂ ಇಲ್ಲವೆಂದು ಅದಕ್ಕೆ ತಿಳಿಯಲಿ.

ಜೋಳವನ್ನು ಒಂದೇ ಉದ್ದ ಸಾಲಿನಲ್ಲಿ ಬಿತ್ತಬೇಡಿ, ಚೌಕದಲ್ಲಿ ನಾಲ್ಕಾರು ಸಾಲು ಬಿತ್ತಿ. ತೆನೆಯ ತುದಿಯ ರೇಷ್ಮೆಯಂಥ ಎಳೆಗಳಲ್ಲಿ ಒಂದೊಂದು ಎಳೆಗೂ ಒಂದೊಂದು ಕಾಳು. ಗಾಳಿ ಪರಾಗವನ್ನು ಯಾವ ಎಳೆಗೆ ತಲುಪಿಸಲಿಲ್ಲವೋ ಅಲ್ಲಿ ಕಾಳಿಲ್ಲದೆ ಹಲ್ಲು ಬಿದ್ದಂತೆ ಜಾಗ ಉಳಿಯುತ್ತದೆ.

ಕಿರಿಯ ಸ್ವಯಂಸೇವಕಿ

ತೆನೆ ಹದವಾಗಿದೆಯೆಂದು ತಿಳಿಯುವುದು ಹೇಗೆ?

ಬೆಳಗಿನ ಬುಟ್ಟಿ

ಎಳೆಗಳು ಹೊರಬಂದ ಸುಮಾರು 20 ದಿನಗಳ ಮೇಲೆ ಅವು ಕಂದಾಗಿ ಒಣಗಿರುತ್ತವೆ. ಸಿಪ್ಪೆಯನ್ನು ಸ್ವಲ್ಪ ಸರಿಸಿ ಒಂದು ಕಾಳನ್ನು ಉಗುರಿನಿಂದ ಚುಚ್ಚಿ. ನೀರು ಬಂದರೆ ಇನ್ನೂ ಕಾಯಿರಿ, ಹಾಲು ಬಂದರೆ ಅಂದೇ ಮುರಿಯಿರಿ, ಹಿಟ್ಟಿನಂತೆ ಗಟ್ಟಿಯಾಗಿದ್ದರೆ ಹೊತ್ತು ಮೀರಿದೆ.

ದೊಡ್ಡಕಾಯಿ

ನಮ್ಮ ಮಕ್ಕಳಿಗೆ ತೋಳಿನಷ್ಟು ದಪ್ಪದ ಜುಕಿನಿಯ ಮೇಲೆ ಬಹಳ ಪ್ರೀತಿ. ಅದನ್ನು ಗಿಡದಲ್ಲೇ ಬಿಡಿ, ಇನ್ನೂ ಬೆಳೆಯಲಿ ಎನ್ನುತ್ತಾರೆ. ಬಿಡಬೇಕೇ? ಬಲಿತ ಮೇಲೆ ಬೀಜವನ್ನೂ ತೆಗೆದುಕೊಳ್ಳಬಹುದಲ್ಲ.

ಮೂಲಂಗಿಪ್ರಿಯ

ಎಲ್ಲ ಗಿಡಗಳಲ್ಲೂ ಬಿಡಬೇಡಿ. ಒಂದು ಕಾಯಿ ಬಲಿತು ಬೀಜ ಕಟ್ಟತೊಡಗಿತೆಂದರೆ ಗಿಡ ತನ್ನ ಶಕ್ತಿಯನ್ನೆಲ್ಲ ಅದಕ್ಕೇ ಕೊಡುತ್ತದೆ, ಹೊಸ ಹೂವು ಕಡಿಮೆಯಾಗುತ್ತದೆ. ಬೀನ್ಸ್, ಸೌತೆ, ಬೆಂಡೆಗಳಿಗೂ ಇದೇ ಮಾತು. ಎಳೆಯದಾಗಿ ಕಿತ್ತಷ್ಟೂ ಗಿಡ ಮತ್ತೆ ಮತ್ತೆ ಕೊಡುತ್ತದೆ. ಕೊಯ್ಲು ಒಂದು ದಿನದ ಹಬ್ಬವಾಗದೆ ಎರಡು ದಿನಕ್ಕೊಮ್ಮೆ ನಡೆಯುವ ಕೆಲಸವಾಗಬೇಕು ಎನ್ನುವುದು ಇದಕ್ಕಾಗಿಯೇ. ಆದರೂ ಮಕ್ಕಳ ಆಸೆಯನ್ನು ಮುರಿಯಬೇಡಿ, ಒಂದು ಗಿಡವನ್ನು ಅದಕ್ಕೆಂದೇ ಮೀಸಲಿಡಿ. ಬೀಜವನ್ನು ಮಾತ್ರ ತಿನ್ನುವ ಬೆಳೆಗಾಗಿ ಇಡಬೇಡಿ. ಅಲಂಕಾರಕ್ಕೆ ಬೆಳೆಸುವ ಕಹಿ ಕುಂಬಳದಂಥವು ಹತ್ತಿರದಲ್ಲಿದ್ದು ಪರಾಗ ಬೆರೆತಿದ್ದರೆ ಮುಂದಿನ ಕಾಯಿ ವಿಷದಷ್ಟು ಕಹಿಯಾಗಬಹುದು. ಬೀನ್ಸ್ ಮತ್ತು ಬಟಾಣಿ ಹೆಚ್ಚಾಗಿ ತಮ್ಮ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಮಕ್ಕಳಿಗೆ ಬೀಜ ಕಳುಹಿಸಲು ಅವೇ ಸರಿ.

ಪಾತಿಗಾರ್ತಿ

ಎಲ್ಲರಿಗೂ ಮನಸಾರೆ ಧನ್ಯವಾದಗಳು. ನಿನ್ನೆ ಸಂಜೆ ನಮ್ಮ ಸಹಾಯಕರೆಲ್ಲ ಕುಳಿತು ಈ ಮಾತುಗಳನ್ನು ಒಂದೊಂದಾಗಿ ಓದಿದೆವು. ಮೂಲಂಗಿ ಪಾತಿಗಳನ್ನು ಈ ಸಲ ಮೊದಲೇ ಬಿತ್ತುತ್ತೇವೆ. ಮೂರು ಸಾಲಿನ ಹಲಗೆ, ತೋಟದ ಬಾಗಿಲಲ್ಲಿ ನಲ್ಲಿ, ಅಡುಗೆಮನೆಯಲ್ಲಿ ತೋಟದ ಪಾತ್ರೆ ಮೂರೂ ಆಗುತ್ತವೆ. ಮಕ್ಕಳಿಲ್ಲದೆ ಹಿರಿಯರು ಕೊಯ್ಯುವಂತಿಲ್ಲ ಎಂಬುದನ್ನು ನಾನೇ ಬರೆದು ಬಾಗಿಲಿಗೆ ಕಟ್ಟಿದ್ದೇನೆ. ಮೂರೂ ತಂಡಗಳನ್ನು ಒಂದೇ ದಿನ ಕರೆಯಲು ಜಾಗ ಸಾಲದು, ಅದೊಂದು ನೋವು ಉಳಿದಿದೆ; ಬೀನ್ಸ್ ಬೀಜ ಮತ್ತು ಚಿತ್ರವನ್ನು ಖಂಡಿತವಾಗಿ ಕಳುಹಿಸುತ್ತೇವೆ.

ಚಪ್ಪರ

ಕುಂಬಳವಿದ್ದರೆ ಇನ್ನೊಂದು ದಾರಿಯಿದೆ. ಕಾಯಿ ಎಳೆಯದಾಗಿ ಸಿಪ್ಪೆ ಮೆತ್ತಗಿರುವಾಗ ಮಗು ತನ್ನ ಹೆಸರನ್ನು ಮೊಳೆಯ ತುದಿಯಿಂದ ತೆಳುವಾಗಿ ಗೀರಲಿ. ಗಾಯ ಮಾಗಿ ಉಬ್ಬಿದ ಗೆರೆಯಾಗುತ್ತದೆ, ಕಾಯಿ ದೊಡ್ಡದಾದಂತೆ ಹೆಸರೂ ದೊಡ್ಡದಾಗುತ್ತದೆ. ಎರಡನೆಯ ತಂಡದವರು ಗೀರಿದ್ದನ್ನು ಮೂರನೆಯ ತಂಡದವರು ಕೊಯ್ಯುವಾಗ ಹೆಸರು ಅಂಗೈಯಗಲ ಆಗಿರುತ್ತದೆ.

ಪಾತಿಗಾರ್ತಿ

ಇದನ್ನು ಖಂಡಿತ ಮಾಡುತ್ತೇವೆ, ನಮ್ಮಲ್ಲಿ ಕುಂಬಳಕ್ಕೆ ಎರಡು ಪಾತಿಗಳಿವೆ. ಹೆಸರಿರುವ ಕಾಯಿ ಆ ಮಗುವಿನ ಮನೆ ಸೇರುವವರೆಗೆ ಕೆಡದೆ ಉಳಿಯಬೇಕಾದರೆ ಹೇಗೆ ಕೊಯ್ಯಬೇಕು?

ಬೆಳಗಿನ ಬುಟ್ಟಿ

ಸಿಪ್ಪೆಗೆ ಉಗುರು ಇಳಿಯದಷ್ಟು ಗಟ್ಟಿಯಾದ ಮೇಲೆ, ತೊಟ್ಟನ್ನು ನಾಲ್ಕು ಬೆರಳಿನಷ್ಟು ಬಿಟ್ಟು ಕತ್ತರಿಸಿ. ಹತ್ತು ದಿನ ಬೆಚ್ಚಗಿನ, ಗಾಳಿಯಾಡುವ ಜಾಗದಲ್ಲಿ ಒಣಗಲು ಇಡಿ. ತೊಟ್ಟು ಮುರಿದರೆ ಅಲ್ಲಿಂದಲೇ ಕೊಳೆಯುತ್ತದೆ, ಆದ್ದರಿಂದ ತೊಟ್ಟು ಹಿಡಿದು ಎತ್ತದೆ ಎರಡೂ ಕೈಗಳಿಂದ ತಳವನ್ನು ಹಿಡಿದು ಎತ್ತಲು ಮಕ್ಕಳಿಗೆ ಹೇಳಿ.